ಕಾರಿಗೆ ಕಟ್ಟಿದ ಉಸಿರುಗೊಳವೆ

ಹೊಳೆನರಸೀಪುರ
12-2-1959

ಚಿರಂಜೀವಿ ಪಾಲಾಕ್ಷನಿಗೆ ನಿನ್ನ ಅಪ್ಪನ ಆಶೀರ್ವಾದ. ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ, ಏಕೆಂದರೆ ಮುಂದೆ ಬರೆಯುವುದೆಲ್ಲ ಬೈಗುಳ.

ನಿನ್ನೆ ಹಾಸನದಿಂದ ಕಾರು ಬಂತು. ಅಲ್ಲಿಯ ವರ್ಕ್‌ಷಾಪಿನಲ್ಲಿ ನೀನೇ ಇದ್ದೀಯ, ಒಳ್ಳೆಯ ಕೈಯಲ್ಲಿರುತ್ತದೆ ಎಂದು ನಂಬಿ ಕಳಿಸಿದ್ದೆ. ಬಾನೆಟ್ ಎತ್ತಿ ನೋಡಿದರೆ, ಕಾರ್ಬೊರೇಟರ್ ಮೇಲೆ ಕಂಪನಿಯವರು ಕೂರಿಸಿದ್ದ ಗಾಳಿ ಸೋಸುವ ಜರಡಿ ಮಾಯ. ಆ ಜಾಗದಲ್ಲಿ ಒಂದು ತಗಡಿನ ಡಬ್ಬ. ಮುಚ್ಚಳ ತೆಗೆದರೆ ಒಳಗೆ ತೆಂಗಿನ ನಾರು! ಬಾನೆಟ್ಟಿನ ಪಕ್ಕಕ್ಕೆ ನನ್ನ ಮುಷ್ಟಿ ತೂರುವಷ್ಟು ತೂತು ಬೇರೆ ಕೊರೆದಿದ್ದೀಯ. ಈ ಕಾರಿನ ಮೈಮೇಲೆ ಇಷ್ಟು ವರ್ಷ ಒಂದು ಗೀರು ಬೀಳದಂತೆ ಇಟ್ಟುಕೊಂಡವನು ನಾನು. ಹೇಳದೆ ಕೇಳದೆ ಗರಗಸ ಹಾಕಲು ನಿನಗೆ ಕೈ ಹೇಗೆ ಬಂತು?

ನಿನ್ನ ಅವ್ವ ಪಾರ್ವತಮ್ಮ ಬಂದು ನೋಡಿ, "ಇದೇನಿದು, ಪಾತ್ರೆ ತಿಕ್ಕೋ ನಾರ್ನ ಕಾರಿಗ್ ತುರುಕವ್ನೆ" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಜನ ನಗುತ್ತಿದ್ದಾರೆ. ಉತ್ತರ ಬರೆ.

ಸಿಟ್ಟಿನಲ್ಲಿರುವ ನಿನ್ನ ಅಪ್ಪ,
ರುದ್ರಯ್ಯ


ಹಾಸನ
17-2-1959

ತೀರ್ಥರೂಪು ಅಪ್ಪನವರಿಗೆ ಪಾಲಾಕ್ಷನ ನಮಸ್ಕಾರ.

ಕೇಳದೆ ಮಾಡಿದ್ದು ತಪ್ಪು. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ. ಆದರೆ ಎಂಜಿನ್ನಿನ ತಲೆ ಬಿಚ್ಚಿದಾಗ ನಾನು ಕಂಡದ್ದನ್ನು ನೀವು ಕಂಡಿದ್ದರೆ ನೀವೇ ಗರಗಸ ಹಿಡಿಯುತ್ತಿದ್ದಿರಿ. ಸಿಲಿಂಡರಿನ ಒಳಗೋಡೆಗೆ ಬೆರಳಿಟ್ಟೆ. ಕೆಮ್ಮಣ್ಣು ಎಣ್ಣೆಯಲ್ಲಿ ಕಲಸಿ ಮೆತ್ತಿದಂತಿತ್ತು. ಅರಕಲಗೂಡು ದಾರಿಯ ಧೂಳನ್ನೆಲ್ಲ ನಮ್ಮ ಕಾರು ನುಂಗಿದೆ. ಒಳಗೆ ಪಿಸ್ಟನ್ ಓಡಾಡಿದಾಗೆಲ್ಲ ಆ ಮಣ್ಣೇ ಕಬ್ಬಿಣವನ್ನು ಉಜ್ಜಿ ತಿನ್ನುತ್ತಿತ್ತು. ನೀವು ರಿಪೇರಿಗೆ ಕಳಿಸುವಾಗ ಹೇಳಿದ ಹೊಗೆ ಅದಕ್ಕೇ, ಏರಿನಲ್ಲಿ ಏದುಸಿರು ಬಿಡುತ್ತಿದ್ದುದೂ ಅದಕ್ಕೇ.

ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ ಮಿಲಿಟರಿ ಲಾರಿಯೊಂದು ನಮ್ಮ ವರ್ಕ್‌ಷಾಪಿನಲ್ಲಿ ನಿಂತಿದೆ. ಮರಳುಗಾಡಿಗೆಂದು ಮಾಡಿದ ಗಾಡಿ. ಅದರ ಗಾಳಿಡಬ್ಬ ಬಿಚ್ಚಿ ನೋಡಿ ಕಲಿತೆ. ನಮ್ಮ ಡಬ್ಬದ ತಳದಲ್ಲಿ ಸ್ವಲ್ಪ ಎಣ್ಣೆ ಇದೆ. ಗಾಳಿ ಕೆಳಗಿಳಿದು ಎಣ್ಣೆಯ ಮೇಲೆ ಹೊರಳುವಾಗ ಧೂಳು ಅಂಟಿಕೊಳ್ಳುತ್ತದೆ. ಉಳಿದದ್ದನ್ನು ನಾರು ಹಿಡಿಯುತ್ತದೆ. ತೂತು ಕೊರೆದದ್ದು ಹೊರಗಿನ ತಣ್ಣನೆಯ ಗಾಳಿ ಸಿಗಲೆಂದು.

ಒಂದು ತಿಂಗಳು ಓಡಿಸಿ, ಆಮೇಲೆ ಡಬ್ಬ ಬಿಚ್ಚಿ ನೋಡಿ. ಆಗಲೂ ಸಿಟ್ಟಿದ್ದರೆ ನಾನೇ ಬಂದು ತೆಗೆದುಹಾಕುತ್ತೇನೆ. ಅವ್ವನಿಗೆ ಹೇಳಿ, ಅದು ಪಾತ್ರೆ ತಿಕ್ಕುವ ನಾರಲ್ಲ, ಹೊಸದು.

ನಿಮ್ಮ ಮಗ,
ಪಾಲಾಕ್ಷ


ಹೊಳೆನರಸೀಪುರ
5-4-1959

ಪಾಲಾಕ್ಷ,

ಡಬ್ಬ ಬಿಚ್ಚಿದೆ. ತಳದಲ್ಲಿ ಅಂಟಂಟು ಕೆಸರು, ಬೊಗಸೆ ತುಂಬ. ಕಾರು ಇಷ್ಟು ದಿನ ಇದನ್ನು ತಿಂದುಕೊಂಡೇ ನನ್ನನ್ನು ಹೊತ್ತಿತೇ ಎಂದು ನೋಡುತ್ತ ನಿಂತುಬಿಟ್ಟೆ. ನಿನ್ನ ಅವ್ವನನ್ನು ಕರೆದು ತೋರಿಸಿದೆ. "ಅಯ್ಯೋ ಪಾಪ" ಎಂದಳು, ಕಾರಿಗೆ!

ಏನು ಓಡುತ್ತದೆ ಗೊತ್ತೇ! ಐದು ಜನ ಕೂತರೂ ಏರಿನಲ್ಲಿ ಗೇರು ಇಳಿಸಬೇಕಾಗಿಲ್ಲ. ನಕ್ಕವರೇ ಈಗ ಬಾನೆಟ್ ಎತ್ತಿ ತೋರಿಸು ಅನ್ನುತ್ತಾರೆ. ನನ್ನ ಮಗ ಮಾಡಿದ್ದು ಅನ್ನುವಾಗ ನನಗೆ ನಾಚಿಕೆಯಾಗುವಷ್ಟು ಹೆಮ್ಮೆ.

ಒಂದು ಯೋಚನೆ ಬಂದಿದೆ. ಅರಕಲಗೂಡು ದಾರಿಯ ಹಳ್ಳದ ಮೇಲಿನ ತಗ್ಗು ಸೇತುವೆ ನಿನಗೆ ಗೊತ್ತು. ಮಳೆಗಾಲದಲ್ಲಿ ಅದರ ಮೇಲೆ ಮೊಣಕಾಲುದ್ದ ನೀರು ಬಂದರೆ ಸಾಕು, ಎಂಜಿನ್ ನೀರು ಕುಡಿದು ಕೆಮ್ಮಿ ನಿಲ್ಲುತ್ತದೆ. ಜನ ಇಳಿದು ತಳ್ಳಬೇಕು. ನಿನ್ನ ಡಬ್ಬಕ್ಕೆ ಗಾಳಿಯನ್ನು ಪಕ್ಕದಿಂದ ತರುವ ಬದಲು ಮೇಲಿನಿಂದ ತಂದರೆ ಆಗುವುದಿಲ್ಲವೇ? ಮಳೆನೀರು ಇಳಿಯಲು ಗೋಡೆಗೆ ಕಟ್ಟುತ್ತಾರಲ್ಲ, ಅಂಥ ತಗಡಿನ ಕೊಳವೆಯೊಂದನ್ನು ಗಾಜಿನ ಪಕ್ಕದಲ್ಲಿ ನಿಲ್ಲಿಸಿ, ಬಾಯಿ ಕಾರಿನ ತಲೆಯ ಮಟ್ಟಕ್ಕೆ ಬರುವ ಹಾಗೆ? ಆನೆ ನೀರಿನಲ್ಲಿ ಸೊಂಡಿಲೆತ್ತಿದ ಹಾಗೆ?

ನಗಬೇಡ. ಮುಂಗಾರಿಗೆ ಮೊದಲು ಬಾ.

ನಿನ್ನ ಅಪ್ಪ,
ರುದ್ರಯ್ಯ


ಹೊಳೆನರಸೀಪುರ
9-7-1959

ನನ್ನ ಪಾಲಾಕ್ಷ,

ಮೇ ತಿಂಗಳಲ್ಲಿ ಬಂದು ನೀನು ಕಟ್ಟಿಕೊಟ್ಟು ಹೋದ ಕೊಳವೆ ಎಂಥ ಕೆಲಸ ಮಾಡಿತೆಂದು ಬರೆಯಲು ಕೂತಿದ್ದೇನೆ.

ಹತ್ತು ದಿನದ ಹಿಂದೆ ಅರಕಲಗೂಡಿನಿಂದ ಬರುತ್ತಿದ್ದೆ. ಹಳ್ಳದ ಅರಕಲಗೂಡು ಬದಿಗೆ ಬಸ್ಸು ನಿಂತಿತ್ತು, ಗಾಡಿಗಳು ನಿಂತಿದ್ದವು. ಸೇತುವೆ ಮೇಲೆ ನೀರು. ಹಳ್ಳದ ಪಕ್ಕದ ಕೇರಿಯ ದ್ಯಾವಯ್ಯ ರಸ್ತೆಯಲ್ಲಿ ಓಡಿಬಂದು ಕಾರಿನ ಮುಂದೆ ಕೈ ಚಾಚಿ ನಿಂತ. ಅವನ ಹೆಂಡತಿ ಮುದ್ದಮ್ಮನಿಗೆ ಬೆಳಗಿನಿಂದ ಹೆರಿಗೆ ನೋವು. ಸೂಲಗಿತ್ತಿ, ಮಗು ಅಡ್ಡ ತಿರುಗಿದೆ, ನನ್ನ ಕೈಲಿ ಆಗದು ಎಂದಿದ್ದಾಳೆ. ಆಸ್ಪತ್ರೆ ಹಳ್ಳದಾಚೆ, ನಮ್ಮೂರಲ್ಲಿ.

"ಅಣ್ಣೋ, ನಿನ್ ಕಾರಿಗೆ ಸೊಂಡ್ಲೈತಂತಲ್ಲಣ್ಣೋ. ದಾಟ್ಸಣ್ಣೋ" ಅಂದ.

ಮುದ್ದಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕಾರನ್ನು ನೀರಿಗೆ ಇಳಿಸಿದೆ. ನೀರು ಬಾಗಿಲ ಸಂದಿಯಿಂದ ಒಳಗೆ ಬಂತು. ಪೆಡಲು ಮುಳುಗಿತು. ನೀನು ಸೈಕಲ್ ಟ್ಯೂಬು ಕತ್ತರಿಸಿ ಪ್ಲಗ್ಗಿನ ತಂತಿಗಳಿಗೆಲ್ಲ ಬಿಗಿದಿದ್ದು ಸಾರ್ಥಕವಾಯಿತು. ಎಂಜಿನ್ ಒಂದು ಸಲವೂ ಕೆಮ್ಮಲಿಲ್ಲ ಕಣೋ! ಆಚೆ ದಡ ಹತ್ತಿದಾಗ ಹಿಂದೆ ಬಸ್ಸಿನ ಜನ ಕೂಗುತ್ತಿದ್ದರು. ಮುದ್ದಮ್ಮನಿಗೆ ಗಂಡು ಮಗು. ಇನ್ನು ಸ್ವಲ್ಪ ತಡವಾಗಿದ್ದರೆ ಎರಡೂ ಜೀವ ಹೋಗುತ್ತಿದ್ದವೆಂದು ಡಾಕ್ಟರಮ್ಮ ಹೇಳಿದರು. ದ್ಯಾವಯ್ಯ ಆಸ್ಪತ್ರೆಯ ಮುಂದೆ ಕಾರಿನ ಕೊಳವೆ ಮುಟ್ಟಿ ಕಣ್ಣಿಗೊತ್ತಿಕೊಂಡ.

ಅದಾದ ಮೇಲೆ ಎರಡು ಮೂರು ಸಲ ದಾಟಿದ್ದೇನೆ. ಈಗ ನೀರು ಬಂದರೆ ಜನ ಬಸ್ಸು ಇಳಿದು ನನ್ನ ಕಾರಿಗೆ ಕಾಯುತ್ತಾರೆ.

ನಿನ್ನ ಅಪ್ಪ,
ರುದ್ರಯ್ಯ


ಹಾಸನ
13-7-1959

ಅಪ್ಪನವರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಆ ತಾಯಿ ಮಗು ಉಳಿದರಲ್ಲ, ಅದಕ್ಕೆ ನನ್ನ ಕಣ್ಣಲ್ಲೂ ನೀರು ಬಂತು. ಆದರೆ "ಎರಡು ಮೂರು ಸಲ" ಎಂದು ಬರೆದಿದ್ದೀರಲ್ಲ, ಅದು ಏಕೆ?

ಕೊಳವೆ ಕಟ್ಟಿದ್ದು ಚಿಮ್ಮುವ ನೀರಿಗೆ. ಹರಿಯುವ ನೀರಿಗಲ್ಲ. ಇದನ್ನು ಅವತ್ತೇ ಗಟ್ಟಿಯಾಗಿ ಹೇಳಬೇಕಿತ್ತು. ಕಾರು ತಗಡಿನ ಪೆಟ್ಟಿಗೆ, ಅಪ್ಪ. ನೀರು ಸೀಟಿನ ಮಟ್ಟಕ್ಕೆ ಬಂದರೆ ಹಿಂಭಾಗ ಮೊದಲು ತೇಲುತ್ತದೆ, ಏಕೆಂದರೆ ಭಾರವೆಲ್ಲ ಮುಂದಿದೆ. ಹಿಂದಿನ ಚಕ್ರ ನೆಲ ಬಿಟ್ಟ ಮೇಲೆ ಎಂಜಿನ್ ಎಷ್ಟು ಓಡಿದರೇನು? ಮೊದಲು ಮೊಣಕಾಲುದ್ದ ನೀರಿಗೆ ನಿಂತುಬಿಡುತ್ತಿತ್ತಲ್ಲ, ಆಗ ನಾವು ಅದನ್ನು ಬೈದೆವು. ನಿಂತದ್ದರಿಂದಲೇ ಇಷ್ಟು ವರ್ಷ ನೀವು ಇಳಿದು ನಡೆದು ಮನೆಗೆ ಬಂದಿರಿ. ಆ ತಡೆಯನ್ನು ನಾನೇ ಕಿತ್ತುಹಾಕಿದ್ದೇನೆ ಎಂದು ನಿಮ್ಮ ಪತ್ರ ಓದಿದ ಮೇಲೆ ಹೊಳೆಯಿತು.

ಕೊಳವೆಯನ್ನು ಬಿಚ್ಚಿಡಿ. ನಾಲ್ಕೇ ತಿರುಪು. ಡಬ್ಬ ಇರಲಿ. ನಿಮ್ಮ ಕಾಲು ಹಿಡಿದು ಕೇಳುತ್ತೇನೆ.

ಪಾಲಾಕ್ಷ


ಹೊಳೆನರಸೀಪುರ
22-7-1959

ಪಾಲಾಕ್ಷನಿಗೆ,

ನೀನು ಹುಟ್ಟುವ ಮೊದಲಿನಿಂದ ನಾನು ಸ್ಟೀರಿಂಗ್ ಹಿಡಿದವನು. ನೀರಿನ ಬಣ್ಣ ನೋಡಿ ಆಳ ಹೇಳಬಲ್ಲೆ. ಮಗ ಅಪ್ಪನಿಗೆ ಹಳ್ಳ ದಾಟುವುದು ಕಲಿಸುವ ಕಾಲ ಬಂತೇ ಎಂದು ಬೆರಗಾಗಿ ಕೂತಿದ್ದೇನೆ.

ಇನ್ನೊಬ್ಬ ಮುದ್ದಮ್ಮ ದಡದಲ್ಲಿ ನರಳುತ್ತಿದ್ದರೆ ಏನು ಹೇಳಲಿ? ಕೊಳವೆ ಬಿಚ್ಚಿಟ್ಟಿದ್ದೇನೆ ತಾಯಿ ಎನ್ನಲೇ?

ಅವ್ವ ನಿನ್ನನ್ನು ಕೇಳಿದಳು. ಮಳೆ ಜಾಸ್ತಿ.

ರುದ್ರಯ್ಯ


ಹೊಳೆನರಸೀಪುರ
21-8-1959

ಮಗು ಪಾಲಾಕ್ಷ,

ಇಷ್ಟು ಹೊತ್ತಿಗೆ ನಿನಗೆ ಯಾರೋ ಹೇಳಿರುತ್ತಾರೆ. ಆದರೂ ನನ್ನ ಕೈಯಿಂದಲೇ ಬರೆಯಬೇಕು.

ದ್ಯಾವಯ್ಯ ಹೋಗಿಬಿಟ್ಟ.

ಮಂಗಳವಾರ ಮಧ್ಯಾಹ್ನ ಅರಕಲಗೂಡಿಗೆ ಹೊರಟಿದ್ದೆ. ಕಾರಿನಲ್ಲಿ ಇಬ್ಬರೇ. ಅರಕಲಗೂಡಿನ ಮುದುಕಿ ಲಕ್ಷ್ಮಿದೇವಮ್ಮ, ಮತ್ತೆ ದ್ಯಾವಯ್ಯ. ಅವನು ಪೇಟೆಯಲ್ಲಿ ಮೂಟೆ ಹೊರುವ ಕೆಲಸ ಬೇಗ ಮುಗಿಸಿ ಊರಿಗೆ ಹೊರಟಿದ್ದ. ಹಳ್ಳದ ಹತ್ತಿರ ಬಂದಾಗ ನೀರು ಕೆಂಪಗೆ, ಸುರುಳಿ ಸುತ್ತಿಕೊಂಡು ಹರಿಯುತ್ತಿತ್ತು. ಮುದುಕಿ ನೋಡಿದ್ದೇ ತಡ ಬಾಗಿಲು ತೆಗೆದು ಇಳಿದಳು. "ನಾ ಒಲ್ಲೆ ಕಣಪ್ಪ. ನೀರಿಳಿದ್ಮೇಲೆ ಓಗಾನ" ಎಂದಳು.

ನನಗೂ ಬೇಡ ಅನ್ನಿಸಿತ್ತು. ಇದನ್ನು ಯಾರ ಮುಂದೆಯೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಕೈ ಗೇರಿನ ಮೇಲಿತ್ತು, ರಿವರ್ಸ್ ಹಾಕಬೇಕೆಂದು. ಅಷ್ಟರಲ್ಲಿ ದ್ಯಾವಯ್ಯ ನಗುತ್ತ ಮುಂದಿನ ಸೀಟಿಗೆ ಬಂದು ಕೂತ. "ಅಜ್ಜಿಗ್ ಏನ್ ಗೊತ್ತಣ್ಣ ನಿನ್ ಕಾರಿನ್ ಇಸ್ಯ. ನಡಿ, ನಂಗೊತ್ತಿಲ್ವಾ" ಅಂದ. ದಡದಲ್ಲಿ ಜನ ನೋಡುತ್ತಿದ್ದರು. ನಾನು ಮುಂದಕ್ಕೆ ಬಿಟ್ಟೆ.

ಯಾರಿಗೂ ಹೆರಿಗೆ ನೋವಿರಲಿಲ್ಲ. ಯಾರಿಗೂ ಅವಸರವಿರಲಿಲ್ಲ. ಒಂದು ಗಳಿಗೆ ಕೂತು ಬೀಡಿ ಸೇದಿದ್ದರೆ ನೀರು ಇಳಿಯುತ್ತಿತ್ತು.

ನೀನು ಬರೆದ ಹಾಗೆಯೇ ಆಯಿತು. ಹಿಂಭಾಗ ಎದ್ದಿತು. ಸ್ಟೀರಿಂಗ್ ಕೈಯಲ್ಲಿ ಹಗುರವಾಯಿತು, ಅದಕ್ಕೆ ಕಾರೇ ಇಲ್ಲವೇನೋ ಎನ್ನುವ ಹಾಗೆ. ಕಾರು ಮೆಲ್ಲಗೆ ತಿರುಗಿ ಸೇತುವೆಯ ಅಂಚು ದಾಟಿತು. ಕೆಳಗೆ ಬಂಡೆಗೆ ತಗುಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಮಗುಚಿತು. ನಾನು ಹೊಂಗೆಯ ಕೊಂಬೆಗೆ ಸಿಕ್ಕಿಕೊಂಡೆ. ದ್ಯಾವಯ್ಯ ಮಾರನೆಯ ದಿನ ಕೆಳಗಡೆ ಸಿಕ್ಕಿದ.

ಪಾಲಾಕ್ಷ, ನಿನ್ನ ಕೆಲಸದಲ್ಲಿ ಏನೂ ಕುಂದಿರಲಿಲ್ಲ. ಮಗುಚುವವರೆಗೂ ಎಂಜಿನ್ ನಿಲ್ಲಲಿಲ್ಲ.

ಪೊಲೀಸರು, ಮೋಟಾರು ಇನ್‌ಸ್ಪೆಕ್ಟರು ಬಂದಿದ್ದರು. ಕೊಳವೆ ಯಾರು ಮಾಡಿದ್ದೆಂದು ಕೇಳಿದರು. ನಾನೇ ಅಂದಿದ್ದೇನೆ. ನೀನು ಬರಬೇಡ, ಬಾಯಿ ಬಿಡಬೇಡ. ಅವ್ವ ಅನ್ನ ನೀರು ಬಿಟ್ಟಿದ್ದಾಳೆ.

ರುದ್ರಯ್ಯ


ಹಾಸನ
10-9-1959

ಅಪ್ಪ,

ಇಷ್ಟು ದಿನ ಬರೆಯಲು ಕೂತಾಗೆಲ್ಲ ಎದ್ದುಹೋಗಿದ್ದೇನೆ. ಸ್ಪ್ಯಾನರ್ ಹಿಡಿದರೆ ಯಾವ ಬೋಲ್ಟಿಗೆ ಹಿಡಿದೆನೆಂದು ಮರೆಯುತ್ತೇನೆ. ವರ್ಕ್‌ಷಾಪಿನ ಯಜಮಾನರು ಎರಡು ಸಲ ಮನೆಗೆ ಕಳಿಸಿದರು.

ನೀವು ಬೇಡವೆಂದರೂ ಇನ್‌ಸ್ಪೆಕ್ಟರ ಮುಂದೆ ಹೋಗಿ ನಿಂತೆ. "ಸಾ, ಅದನ್ನ ಮಾಡಿದ್ದು ನಾನು" ಅಂದೆ.

ಅವರು ಕನ್ನಡಕ ತೆಗೆದು ನೋಡಿದರು. "ನಿಮ್ಮಪ್ಪ ತಾನೇ ಮಾಡ್ದೆ ಅಂತಾನೆ. ನೀನು ನಾನು ಅಂತೀಯ. ಇಬ್ರಲ್ಲಿ ಸುಳ್ಳ್ ಯಾರದ್ದು?"

"ಅಪ್ಪಂದು ಸಾ."

ಎಲ್ಲ ವಿವರಿಸಿದೆ, ಡಬ್ಬ, ನಾರು, ಕೊಳವೆ, ರಬ್ಬರು. ಅವರು ಹಳ್ಳದ ಮರಳಿನಿಂದ ಎಳೆದು ತಂದ ಕಾರನ್ನು ಸುತ್ತ ನೋಡಿ ಹೇಳಿದ್ದು ಇಷ್ಟೇ. "ಕೆಲ್ಸ ಚೆನ್ನಾಗೈತೆ. ಮಾಡೋದು ಅಪರಾಧ ಅಲ್ಲ ಕಣಯ್ಯ. ಆ ನೀರಿಗೆ ಬಿಟ್ಟಿದ್ದು ಅಪರಾಧ. ಓಗು." ಒಬ್ಬ ಮನುಷ್ಯ ಸತ್ತಿದ್ದಾನೆ, ನನ್ನನ್ನು ಹೊಗಳಿ ಕಳಿಸಿದರು. ಬೈದಿದ್ದರೆ ಅವತ್ತು ಊಟ ಮಾಡುತ್ತಿದ್ದೆನೋ ಏನೋ.

ಇದಕ್ಕಿಂತ ದೊಡ್ಡ ಆಘಾತ ನಿನ್ನೆ ಆಯಿತು. ದಂಡಿಗನಹಳ್ಳಿ ಕಡೆಯ ಚಲುವಯ್ಯ ಎನ್ನುವವರು ಚನ್ನರಾಯಪಟ್ಟಣದಲ್ಲಿ ಲಾರಿ ಇಟ್ಟಿದ್ದಾರೆ. ಅವರು ವರ್ಕ್‌ಷಾಪಿಗೆ ಬಂದು ನನ್ನನ್ನೇ ಕೇಳಿದರು. ಅಪಘಾತದ ವಿಷಯ ಮಾತಾಡಲು ಬಂದಿದ್ದಾರೆಂದು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತೆ.

"ಕೊನೇಗಂಟ ಇಂಜಿನ್ ನಿಲ್ಲಲೇ ಇಲ್ವಂತಲ್ಲಪ್ಪ?" ಅಂದರು. "ಅಂತದೇ ನಮ್ ಲಾರಿಗೂ ಒಂದ್ ಮಾಡ್ಕೊಡು."

ಸಾಲಗಾಮೆಯಿಂದ ಇನ್ನೊಬ್ಬರು ಹೇಳಿಕಳಿಸಿದ್ದಾರೆ. ದ್ಯಾವಯ್ಯ ಸತ್ತದ್ದು ಅವರಿಗೆ ನನ್ನ ಕೊಳವೆಯ ಜಾಹೀರಾತಾಗಿದೆ! ಧೂಳಿನ ಡಬ್ಬ ಬೇಕಾದರೆ ಮಾಡಿಕೊಡುತ್ತೇನೆ, ಕೊಳವೆ ಮಾಡುವುದಿಲ್ಲ ಎಂದೆ. ಚಲುವಯ್ಯನವರು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿ ಹೊರಟುಹೋದರು.

ಕೋರ್ಟಿಗೆ ಬರುತ್ತೇನೆ. ಬೇಡ ಅನ್ನಬೇಡಿ.

ಪಾಲಾಕ್ಷ


ಹಾಸನ
14-12-1959

ಮೈಸೂರು ಜೈಲಿನಲ್ಲಿರುವ ನನ್ನ ಅಪ್ಪನಿಗೆ,

ತೀರ್ಪು ಓದಿದಾಗ ನೀವು ತಲೆಯೆತ್ತದೆ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮೂರು ತಿಂಗಳ ಶಿಕ್ಷೆ, ಕಳೆಯುತ್ತದೆ. ಲೈಸೆನ್ಸ್ ಹೋದದ್ದಕ್ಕೆ ನೀವು ದುಃಖಿಸಲಿಲ್ಲವೆಂದು ಅವ್ವ ಹೇಳಿದಳು. ಕಾರನ್ನು ಗುಜರಿಯವನು ಒಯ್ದ. ಅವ್ವ ನನ್ನ ಜೊತೆ ಹಾಸನದಲ್ಲಿದ್ದಾಳೆ, ಈಗ ಎರಡು ಹೊತ್ತು ಉಣ್ಣುತ್ತಾಳೆ.

ನಿನ್ನೆ ಭಾನುವಾರ ಮುದ್ದಮ್ಮನ ಮನೆಗೆ ಹೋಗಿದ್ದೆ. ಆಕೆ ರಾಗಿ ಕೇರುತ್ತಿದ್ದಳು, ಮಗು ಗೋಣಿಯ ಮೇಲೆ ಮಲಗಿತ್ತು. ನಾನು ಯಾರೆಂದು ಹೇಳಿದೆ. ಮೊರ ಕೆಳಗಿಟ್ಟಳು. ನಾನು ತಡೆದುಕೊಳ್ಳಲಾರದೆ ಎಲ್ಲ ಹೇಳಿಬಿಟ್ಟೆ. ಆ ಕೊಳವೆ ಇಲ್ಲದಿದ್ದರೆ ಎಂಜಿನ್ ದಡದಲ್ಲೇ ನಿಲ್ಲುತ್ತಿತ್ತು, ನಿಮ್ಮ ಯಜಮಾನರು ಇಳಿದು ಬದುಕುತ್ತಿದ್ದರು ಎಂದೆ.

"ಅದಿಲ್ದಿದ್ರೆ ಅವತ್ತು ನಾನೂ ಇದೂ ಓಗಿರ್ತಿದ್ವು" ಅಂದಳು. ಮಗುವಿನ ಕಡೆ ನೋಡಿದಳು. "ನಾನ್ ಯಾವ್ದಕ್ ಏನನ್ಲಪ್ಪ?"

ನಾನು ಕೈಮುಗಿದು ಎದ್ದೆ.

ಹೊರಡುವಾಗ ಬಾಗಿಲವರೆಗೆ ಬಂದಳು. "ನಿಮ್ಮಪ್ಪನ್ನ ಬುಟ್ಮೇಲೆ ಒಂದ್ಸಲ ಬರಾಕೇಳು. ಬಯ್ಯಾಕಲ್ಲ. ನಮ್ಮೋರು ಕೊನೇಲಿ ಏನಂದ್ರು ಅಂತ ನಂಗ್ ಯಾರೂ ಯೋಳಿಲ್ಲ. ಜೊತೇಲಿದ್ದೋರು ಅವ್ರೊಬ್ರೇ ಅಲ್ವಾ" ಅಂದಳು.

ಅಪ್ಪ, ಪೊಲೀಸರು ಕೇಳಿದರು, ಕೋರ್ಟು ಕೇಳಿತು, ನೀರಿನ ಆಳ, ಕಾರಿನ ವೇಗ ಎಲ್ಲ. ಇದನ್ನು ಯಾರೂ ಕೇಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ದಿಗಿಲಾಯಿತು. ನಾನೂ ಕೇಳಲಿಲ್ಲ. ಹೋಗಿ ಬನ್ನಿ.

ನಿಮ್ಮ ಪಾಲಾಕ್ಷ


ಹೊಳೆನರಸೀಪುರ
6-3-1960

ಪಾಲಾಕ್ಷ,

ಬಿಡುಗಡೆಯಾಗಿ ಬಂದು ಮನೆಯಲ್ಲಿ ಒಂದು ವಾರ ಬಾಗಿಲು ಹಾಕಿಕೊಂಡು ಕೂತಿದ್ದೆ. ನಿನ್ನೆ ಮುದ್ದಮ್ಮನ ಮನೆಗೆ ಹೋದೆ. ನಡೆದೇ ಹೋದೆ. ಹಳ್ಳದಲ್ಲಿ ಈಗ ಪಾದ ನೆನೆಯುವಷ್ಟು ನೀರಿದೆ.

ನಿನಗೂ ಹೇಳದ ಒಂದು ವಿಷಯವಿದೆ. ಕಾರು ಬಂಡೆಗೆ ತಗುಲಿ ನಿಂತಿತ್ತೆಂದು ಬರೆದಿದ್ದೆನಲ್ಲ, ಆಗ ನಾನು ನನ್ನ ಬಾಗಿಲಿನಿಂದ ಹೊರಬಿದ್ದು ಕೊಂಬೆ ಹಿಡಿದಿದ್ದೆ. ದ್ಯಾವಯ್ಯ ಆಚೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ. ನನ್ನ ಕಡೆ ತಿರುಗಿ ಏನೋ ಕೂಗಿದ. ನನಗೆ ಕೇಳಿಸಲಿಲ್ಲ. ಎಂಜಿನ್ ಓಡುತ್ತಿತ್ತು. ಆ ಕೊಳವೆಯ ಬಾಯಿ ನನ್ನ ಕಿವಿಯ ಹತ್ತಿರವೇ ಗಾಳಿ ಎಳೆದುಕೊಳ್ಳುತ್ತ ಬುಸುಗುಟ್ಟುತ್ತಿತ್ತು. ಅವನ ಬಾಯಾಡಿದ್ದು ಮಾತ್ರ ಕಂಡೆ. ಆಮೇಲೆ ಕಾರು ಮಗುಚಿತು.

ಜೈಲಿನಲ್ಲಿ ಜೊತೆಗಿದ್ದವರೊಬ್ಬರು, ಏನಾದರೂ ಒಳ್ಳೆಯ ಮಾತು ಹೇಳಿಬಿಡು, ಆ ಹೆಂಗಸಿಗೆ ಸಮಾಧಾನವಾಗುತ್ತದೆ ಅಂದಿದ್ದರು. ನಾನೂ ದಾರಿಯಲ್ಲಿ ಒಂದು ಮಾತು ಕಟ್ಟಿಕೊಂಡೇ ಹೋಗಿದ್ದೆ. ಅವಳ ಮುಂದೆ ಕೂತಾಗ ಬಾಯಿಗೆ ಬರಲಿಲ್ಲ. "ಕೇಳಿಸ್ಲಿಲ್ಲ ಕಣವ್ವಾ. ಇಂಜಿನ್ ಸದ್ದು" ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಎದ್ದು ಮುಖಕ್ಕೆ ಉಗಿಯುತ್ತಾಳೆಂದು ಕಾದೆ.

ಮುದ್ದಮ್ಮ ಕೇಳಿದಳು, "ಬಾಯಾಡಿದ್ದು ಕಂಡ್ಯಾ ಅಣ್ಣ?"

"ಕಂಡೆ."

"ಎಂಗಾಡ್ತು? ಮಾಡ್ ತೋರ್ಸು."

ಆರು ತಿಂಗಳಿಂದ ಕಣ್ಣು ಮುಚ್ಚಿದಾಗೆಲ್ಲ ಕಂಡದ್ದು ಅದನ್ನೇ. ಆದರೂ ನನ್ನ ತುಟಿಯಲ್ಲಿ ತರಲು ಆಗಲಿಲ್ಲ. ಕೊನೆಗೆ ಹೇಗೋ ಮಾಡಿದೆ. ಸದ್ದಿಲ್ಲದೆ, ಅವನು ಮಾಡಿದ ಹಾಗೆ.

ಅವಳು ಹತ್ತಿರ ಜರುಗಿದಳು. "ಇನ್ನೊಂದ್ಸಲ" ಅಂದಳು. ಮತ್ತೆ ಮಾಡಿದೆ. ಅವಳ ತುಟಿಯೂ ನನ್ನ ಜೊತೆ ಮೆಲ್ಲಗೆ ಆಡಿತು. ಆಮೇಲೆ ಅವಳ ಮುಖ ಹೇಗಾಯಿತೆಂದರೆ, ಪಾಲಾಕ್ಷ, ಅದನ್ನು ಬರೆಯಲು ನನಗೆ ಬರುವುದಿಲ್ಲ.

"ಸಾಕಣ್ಣ. ಗೊತ್ತಾಯ್ತು" ಅಂದಳು.

ಏನು ಗೊತ್ತಾಯಿತೆಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ. ಮಗುವನ್ನೆತ್ತಿಕೊಂಡು ಒಳಗೆ ಹೋದಳು. ನಾನು ಜಗುಲಿಯ ಮೇಲೆ ಕೂತಿದ್ದೆ. ಒಳಗಿನಿಂದ ಅವಳು ಮಗುವಿಗೆ ಮೆಲ್ಲಗೆ ಏನೋ, ಅದೇ ಮಾತಿರಬೇಕು, ಹೇಳುತ್ತಿದ್ದುದು, ಮಗು ಕೇಕೆ ಹಾಕುತ್ತಿದ್ದುದು ಕೇಳಿಸಿತು.

ನಿನ್ನ ಅಪ್ಪ,
ರುದ್ರಯ್ಯ